ಸಿದ್ಧಾಂತ ಮೇಷ್ಟ್ರು ಮತ್ತು ವೇಗವರ್ಧಕ

“ಬಿಡ್ರೀ ಬಾಗಿಲು!”

ಪ್ರಯೋಗಾಲಯದ ಬಾಗಿಲು ಎರಡೂ ಕಡೆಗೆ ತೆರೆಯುವಂಥದ್ದು. ಒಳಗಿನಿಂದ ಅವಳು ಎಳೆಯುತ್ತಿದ್ದಳು, ಹೊರಗಿನಿಂದ ಇನ್ಯಾರೋ.

“ಇಬ್ಬರ ಬಲವೂ ಸಮ ಇದೆ ಮೇಡಂ, ಅದಕ್ಕೇ ಅಲುಗಾಡ್ತಿಲ್ಲ!”

ಬಿಡುವುದು ಬಿಟ್ಟು ಪಾಠ ಮಾಡುತ್ತಾನಲ್ಲ ಈ ಮನುಷ್ಯ! ರಸಾಯನಶಾಸ್ತ್ರದ ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. ಸರಕ್ಕನೆ ಕೈಬಿಟ್ಟಳು. ಕಾರಿಡಾರಿನಲ್ಲಿ ಅಂಗಾತ ಬಿದ್ದವನು ಹೊಸದಾಗಿ ಬಂದಿದ್ದ ಭೌತಶಾಸ್ತ್ರದ ಮೇಷ್ಟ್ರು. ಅವಳಿಗೆ ನಗು ಬಂತು. ನಕ್ಕಿದ್ದೇ ತಪ್ಪಾಯಿತು ನೋಡಿ!

ವರ್ಷ ಕಳೆಯುವಷ್ಟರಲ್ಲಿ ಮಕ್ಕಳು ಅವನಿಗೆ ‘ಸಿದ್ಧಾಂತ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಸ್ಟಾಫ್ ರೂಮಿನ ಜಗಳಕ್ಕೆ ಘರ್ಷಣೆ ಎನ್ನುವನು. ಪ್ರಿನ್ಸಿಪಾಲರ ಸಿಟ್ಟಿಗೆ ಕುದಿಯುವ ಬಿಂದು ಎನ್ನುವನು. ಅವಳು ಮನಸ್ಸು ಬಿಚ್ಚಿ, “ಒಬ್ಬಳೇ ಇರೋದು ಬೇಜಾರಾಗಿದೆ” ಎಂದ ದಿನವೂ, “ಕಣಗಳು ಜೋಡಿ ಹುಡುಕೋದು ಸಹಜ ಮೇಡಂ” ಎಂದು ಚಹಾ ಹೀರಿದ್ದ.

ಜೋಡಿ ಎದುರಿಗೇ ಕೂತಿದೆ ಮಾರಾಯಾ... ಎಂದು ಕಿರುಚಬೇಕೆನಿಸಿತ್ತು ಅವಳಿಗೆ.

ಇವತ್ತಂತೂ ಮಿತಿ ಮೀರಿತು. ಪ್ರಯೋಗಾಲಯಕ್ಕೆ ಬಂದವನೇ ಶುರುಮಾಡಿದ.

“ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಒಳ್ಳೆ ಹುಡುಗ. ನಿಮ್ಮಮ್ಮನ ಹತ್ರ ಮಾತಾಡಿದ್ದೀನಿ. ಸಂಜೆಯೊಳಗೆ ನೀವು ಹೂಂ ಅಂದ್ರೆ ಮದುವೆ ಗಟ್ಟಿ.”

ಅವಳು ತೊಳೆಯುತ್ತಿದ್ದ ಬೀಕರ್ ಕೈಜಾರಿ ಸಿಂಕಿಗೆ ಬಿತ್ತು.

“ನಿಮ್ಮನ್ನ ಯಾರು ಮಧ್ಯೆ ಕರೆದಿದ್ದು?”

“ನಾನು ನಿಮ್ಮ ರಸಾಯನಶಾಸ್ತ್ರದ ವೇಗವರ್ಧಕ, ಅದೇ ಕ್ಯಾಟಲಿಸ್ಟ್, ಇದ್ದ ಹಾಗೆ ಮೇಡಂ. ಇಬ್ಬರನ್ನ ಬೇಗ ಸೇರಿಸ್ತೀನಿ. ನಾನು ಇದ್ದ ಹಾಗೇ ಇರ್ತೀನಿ, ನನಗೇನೂ ಆಗಲ್ಲ.” ನಗುತ್ತಲೇ ಹೇಳಿದ. ಆದರೆ ಅವಳ ಮುಖ ನೋಡಲಿಲ್ಲ.

ಅಷ್ಟೇನಾ? ಇಷ್ಟು ದಿನ ನಾನು ಕಾದಿದ್ದು ಇದಕ್ಕೇನಾ? ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಉಕ್ಕಿ ಬಂತು.

“ಅರ್ಧಂಬರ್ಧ ಓದ್ಕೊಂಡು ಬರ್ತೀರಲ್ಲ, ನಾಚಿಕೆ ಆಗಲ್ವಾ? ವೇಗವರ್ಧಕ ದೂರ ನಿಂತು ತಮಾಷೆ ನೋಡಲ್ಲ ಸ್ವಾಮಿ! ತಾನೇ ಹೋಗಿ ಅಂಟ್ಕೊಳ್ಳುತ್ತೆ. ಆಮೇಲೇ ಮುಂದಿನ ಕೆಲಸ, ಅದು ಮುಗಿದ ಮೇಲೆ ಬಿಡುತ್ತೆ!”

“ಹೌದಾ?” ಅವನ ಮುಖ ಸಪ್ಪಗಾಯಿತು. “ಅಂಟ್ಕೊಂಡಿದ್ದು... ಬಿಡೋಕೇ ಆಗದಿದ್ರೆ?”

“ಆಗ ಅದು ವೇಗವರ್ಧಕವೇ ಅಲ್ಲ!”

ಅವನು ಸ್ಟೂಲಿನ ಮೇಲೆ ಕುಸಿದು ಕೂತ.

“ನಿಮ್ಮಮ್ಮ ‘ಎಲ್ಲಾದ್ರೂ ಒಳ್ಳೆ ಹುಡುಗ ಇದ್ರೆ ಹೇಳಿ’ ಅಂದ್ರು. ನಾನು ಅವರ ಎದುರಿಗೇ ನಿಂತಿದ್ದೆ. ನಿಮ್ಮ ಮನೇಲಿ ಯಾರಿಗೂ ನಾನು ಕಣ್ಣಿಗೇ ಬಿದ್ದಿಲ್ಲ ಅನ್ಕೊಂಡೆ. ಬೆಳಕಿನ ವಕ್ರೀಭವನದಲ್ಲಿ...”

“ಸಾಕು! ಇನ್ನೊಂದು ಸಿದ್ಧಾಂತ ಬಾಯಿಂದ ಬಂದ್ರೆ ಈಗಲೇ ಅಮ್ಮನಿಗೆ ಹೂಂ ಅಂದುಬಿಡ್ತೀನಿ. ನೇರವಾಗಿ ಹೇಳಿ!”

ಅವನು ಸ್ಟೂಲಿನಿಂದ ಎದ್ದು ನಿಂತ.

“ನೀವು ಅವನನ್ನ ಮದುವೆಯಾದ್ರೆ... ನಾನು ಮದುವೆ ಊಟಕ್ಕೆ ಬರಲ್ಲ.”

“ಯಾಕೆ?”

“ಯಾಕೆ ಅಂತ ಗೊತ್ತಿಲ್ಲ! ನನಗೆ ನೀವು ಬೇಕು. ಅಷ್ಟೇ.”

ಅವಳು ಕಣ್ಣೊರೆಸಿಕೊಂಡು ಒದ್ದೆ ಕೈಯಲ್ಲೇ ಫೋನ್ ತೆಗೆದಳು.

“ಅಮ್ಮಾ... ಆ ಹುಡುಗ ಬೇಡ. ಅವನ ದೊಡ್ಡಪ್ಪನ ಮಗ ಇದ್ದಾನಲ್ಲ... ಅವನೇ. ಹೂಂ, ಅವನೇ ಅಮ್ಮಾ!”

ಅತ್ತ ಕಡೆಯಿಂದ ಏನೇನೋ ಕೇಳಿಬರುತ್ತಿತ್ತು. ಅವನು ಉಸಿರು ಬಿಗಿ ಹಿಡಿದು ನಿಂತಿದ್ದ.

“ಏನಂತೆ?”

“ಇಷ್ಟು ದಿನ ಇಬ್ಬರೂ ಏನ್ ಮಾಡ್ತಿದ್ರಿ ಅಂತ ಬೈತಿದ್ದಾರೆ.”

“ಇಬ್ಬರಿಗೂನಾ?”

“ನಿಮಗೇ ಜಾಸ್ತಿ,” ಎಂದು ಅವಳು ಅವನ ಕೈ ಹಿಡಿದುಕೊಂಡಳು.