ಹಿತ್ತಿಲ ಬಾಗಿಲಿನ ಬೀಗದ ಕೈ

ಕಂಪಾಸ್ ಬಾಕ್ಸ್ ತಲೆಕೆಳಗಾಯಿತು. ಪೆನ್ಸಿಲ್, ರಬ್ಬರ್, ಮುರಿದ ಸ್ಕೇಲು ಎಲ್ಲ ನೆಲಕ್ಕೆ ಬಿದ್ದವು. ಹಿತ್ತಿಲ ಬಾಗಿಲಿನ ಬೀಗದ ಕೈ ಮಾತ್ರ ಬೀಳಲಿಲ್ಲ.

“ಅಜ್ಜಿ, ಕೀ ನೋಡಿದ್ಯಾ?”

“ನನ್ನ ಕನ್ನಡಕ ಎಲ್ಲಿದೆ ಅಂತ್ಲೇ ನಂಗೊತ್ತಿಲ್ಲ. ನಿನ್ನ ಕೀ ನಾನೆಲ್ಲಿ ನೋಡ್ಲಿ?”

ಕನ್ನಡಕ ಅಜ್ಜಿಯ ತಲೆಯ ಮೇಲೇ ಇತ್ತು. ಬೇರೆ ದಿನವಾಗಿದ್ದರೆ ಪಟಪಟಿ ಬಿದ್ದು ಬಿದ್ದು ನಗುತ್ತಿದ್ದಳು. ಅರಳು ಹುರಿದ ಹಾಗೆ ಮಾತಾಡುತ್ತಾಳೆಂದು ಅವಳಿಗೆ ಆ ಹೆಸರಿಟ್ಟವಳೂ ಅಜ್ಜಿಯೇ.

ಕೀಗೆ ಹಾಕಿದ್ದ ಹೊಸ ಕೀಚೈನನ್ನು ಗೆಳತಿಯರಿಗೆ ತೋರಿಸಲೆಂದು ಗುರುವಾರ ಕೀಯನ್ನು ಸ್ಕೂಲಿಗೆ ಒಯ್ದಿದ್ದಳು. ಆಮೇಲೆ ಕಂಡಿರಲಿಲ್ಲ. ಸಿಗುತ್ತೆ ಬಿಡು, ಸಿಗುತ್ತೆ ಬಿಡು ಎನ್ನುತ್ತಲೇ ಶನಿವಾರ ಬಂದುಬಿಟ್ಟಿತು.

ಕೋಣೆಯೊಳಗೆ ಅಮ್ಮ ಕೋಚಿಂಗ್ ಮಾಡುತ್ತಿದ್ದಳು. ಅದು ಟ್ಯೂಷನ್ ಥರ ಇರಲಿಲ್ಲ. ಅಂಗಡಿ, ಆಫೀಸು, ಕಾರ್ಖಾನೆಯವರು ಬಂದು ತಮ್ಮ ಕೆಲಸದ ಗೋಜಲನ್ನೆಲ್ಲ ಅಮ್ಮನ ಮುಂದೆ ಬಿಚ್ಚುತ್ತಿದ್ದರು. ಅಮ್ಮ ಒಂದು ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದಳು.

“ನಿಮ್ಮಮ್ಮಂದು ಎಂಥ ಅಂಗಡಿನೋ! ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ. ಮಾರೋದು ಬರೀ ಮೌನ,” ಎಂದು ಅಜ್ಜಿ ನಗುತ್ತಿದ್ದಳು.

ಆ ಅಂಗಡಿಗೆ ಒಂದು ರೂಲ್ ಇತ್ತು. ಬರುವವರು ಮುಂದಿನ ವರಾಂಡದಲ್ಲಿ ಕೂರಬೇಕು. ಹೋಗುವವರು ಅಡುಗೆಮನೆ ದಾಟಿ ಹಿತ್ತಿಲ ಬಾಗಿಲಿಂದ ಹೋಗಬೇಕು. ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಕೋಚಿಂಗ್ ಇದ್ದದ್ದು ಶನಿವಾರ ಮಾತ್ರ; ಅವತ್ತು ಹಿತ್ತಿಲ ಬಾಗಿಲು ತೆಗೆಯುವ ಕೆಲಸ ಪಟಪಟಿಯದು.

ಪ್ರಿಂಟಿಂಗ್ ಪ್ರೆಸ್ಸಿನ ಮ್ಯಾನೇಜರ್ ಅಡುಗೆಮನೆಗೆ ಬಂದರು. ಅವರ ಕಣ್ಣು ಕೆಂಪಾಗಿತ್ತು. ಎಂದಿನಂತೆ ಒಂದು ಕಟ್ಟು ಬಣ್ಣದ ಕಾಗದದ ಚೂರು ಅವಳ ಕೈಗಿಟ್ಟರು.

“ಏನಮ್ಮ, ಇವತ್ತು ರೇಡಿಯೋ ಬಂದ್ ಆಗಿದೆ?”

“ಅಂಕಲ್, ಹಿಂದಿನ ಬೀಗ ಕೆಟ್ಟೋಗಿದೆ. ಇವತ್ತೊಂದಿನ ಮುಂದಿನಿಂದ ಹೋಗ್ತೀರಾ?”

ವರಾಂಡದ ಬೆಂಚಿನ ಮೇಲೆ ಆಗಲೇ ಒಬ್ಬರು ಬಂದು ಕೂತಿದ್ದರು. ಅದೇ ಪ್ರೆಸ್ಸಿನ ಯಜಮಾನರು! ಹದಿನೈದು ನಿಮಿಷ ಮುಂಚೆಯೇ ಬಂದಿದ್ದರು.

“ಏನ್ರೀ ಇದು? ಹಲ್ಲು ಕೀಳಿಸ್ಕೋಬೇಕು ಅಂತ ರಜ ತಗೊಂಡ್ರಿ. ಈ ಮೇಡಂ ಯಾವಾಗಿಂದ ಹಲ್ಲಿನ ಡಾಕ್ಟ್ರಾದ್ರು?”

ಮ್ಯಾನೇಜರ್ ಕೈ ತಾನಾಗಿ ಕೆನ್ನೆಗೆ ಹೋಯಿತು, ನಿಜವಾಗಿಯೂ ನೋಯುತ್ತಿರುವ ಹಾಗೆ.

ಸದ್ದು ಕೇಳಿ ಅಮ್ಮ ಹೊರಗೆ ಬಂದಳು. ಯಜಮಾನರು ಅವಳತ್ತ ತಿರುಗಿದರು. “ಇವರ ಬಗ್ಗೆ ನಿಮ್ಮ ಹತ್ರ ನಾನು ಏನೇನೆಲ್ಲ ಹೇಳ್ಕೊಂಡಿದೀನಿ ಮೇಡಂ! ಅದೆಲ್ಲ ಇವರ ಕಿವಿಗೂ ಬಿತ್ತಾ?”

“ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ ಸರ್.”

“ಅದನ್ನ ನಾನು ನಂಬಬೇಕಾ?” ಎಂದು ಅವರು ದಡದಡ ಮೆಟ್ಟಿಲಿಳಿದರು. ಮ್ಯಾನೇಜರ್ ಶೂ ಲೇಸನ್ನೂ ಕಟ್ಟದೆ ಹೊರಟರು. ಯಾರ ಮುಖವನ್ನೂ ನೋಡಲಿಲ್ಲ.

“ಬೀಗ ಕೆಟ್ಟಿದ್ಯಂತೆ?” ಎಂದಳು ಅಮ್ಮ.

“ಹೂಂ,” ಎಂದಳು ಪಟಪಟಿ.

ಸೋಮವಾರ ಬೀಗ ರಿಪೇರಿಯವನು ಬಂದ. ಅದನ್ನು ಎರಡು ಸಲ ಎಳೆದು ನೋಡಿ, “ಏನೂ ಕೆಟ್ಟಿಲ್ಲವಲ್ಲಮ್ಮ, ಕಲ್ಲಿನ ಹಾಗಿದೆ. ಇದರ ಕೀ ಎಲ್ಲಿ?” ಎಂದ. ಅಮ್ಮ ಪಟಪಟಿಯ ಕಡೆ ನೋಡಿದಳು. ಏನೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಸುದ್ದಿ ಹರಡಿತೋ ಏನೋ, ಆ ವಾರ ಇನ್ನೂ ಇಬ್ಬರು ಫೋನ್ ಮಾಡಿ, “ಸದ್ಯಕ್ಕೆ ಬೇಡ ಮೇಡಂ” ಎಂದರು.

ಮತ್ತೆ ಶನಿವಾರ ಬಂತು. ಅಮ್ಮ ಕುರ್ಚಿಗಳ ಧೂಳು ಒರೆಸಿದಳು, ನೀರಿನ ಲೋಟ ಇಟ್ಟಳು. ಗಂಟೆ ನಾಲ್ಕಾಯಿತು, ನಾಲ್ಕೂವರೆಯಾಯಿತು. ಬೆಲ್ ಆಗಲಿಲ್ಲ. ಪಟಪಟಿ ಬಾಗಿಲ ಸಂದಿಯಿಂದ ಇಣುಕಿದಳು. ಅಮ್ಮ ತನ್ನ ಕುರ್ಚಿಯನ್ನು ಬಿಟ್ಟು, ಬಂದವರು ಕೂರುವ ಕುರ್ಚಿಯಲ್ಲಿ ಕೂತಿದ್ದಳು.

“ಅಮ್ಮ, ಬೀಗ ಕೆಟ್ಟಿರಲಿಲ್ಲ. ಕೀ ನಾನೇ ಕಳ್ಕೊಂಡಿದ್ದೆ.”

“ಗೊತ್ತು.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ.” ಅಮ್ಮ ಲೋಟವನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದಳು. “ತಪ್ಪು ನಿಂದೊಂದೇ ಅಲ್ಲ ಪುಟ್ಟಾ. ಇಬ್ಬರೂ ಒಂದೇ ಪ್ರೆಸ್ಸಿನವರು ಅಂತ ಗೊತ್ತಿದ್ದೂ ಒಬ್ಬರ ಹಿಂದೆ ಒಬ್ಬರಿಗೆ ಟೈಮ್ ಕೊಟ್ಟೋಳು ನಾನು. ಒಂದು ಬಾಗಿಲನ್ನ ನಂಬ್ಕೊಂಡು...”

‘ಎಲ್ಲ ಸರಿಹೋಗುತ್ತಮ್ಮ,’ ‘ಅವರು ಬಂದೇ ಬರ್ತಾರೆ.’ ಮಾತುಗಳು ಪಟಪಟಿಯ ನಾಲಿಗೆಯ ತುದಿಗೆ ಬಂದವು. ಅವು ನಿಜವೋ ಏನೋ ಅವಳಿಗೆ ಗೊತ್ತಿರಲಿಲ್ಲ. ನುಂಗಿಕೊಂಡಳು.

ಅವಳು ಹೋಗಿ ಅಮ್ಮನ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ಟಿಶ್ಯೂ ಡಬ್ಬಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು.

ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಪಟಪಟಿಯ ತುಟಿ ತುರಿಸಿತು, ಕಾಲು ಜೋಮು ಹಿಡಿಯಿತು. ಸುಮ್ಮನೆ ಕೂರುವುದು ಇಷ್ಟು ಕಷ್ಟವೇ? ಅಮ್ಮ ಪ್ರತಿ ಶನಿವಾರ ಇದನ್ನೇ ಮಾಡುತ್ತಿದ್ದಳಲ್ಲ!

“ನಂಗೆ ಭಯ ಆಗ್ತಿದೆ ಕಣೆ,” ಎಂದಳು ಅಮ್ಮ, ಬಹಳ ಹೊತ್ತಿನ ಮೇಲೆ.

ಪಟಪಟಿ ತಲೆಯಾಡಿಸಿದಳು. ಇನ್ನೂ ಕಾದಳು.