ತೇಪೆ ಹಾಕಿದ ಕಲ್ಲು

ಜಾಡುಗನ್ನಡಿ ಎಂಬ ಆ ಹೊಸ ಯಂತ್ರ ಕೆಂಪು ಗ್ರಾನೈಟ್ ಹಲಗೆಯ ಮೇಲೆ ಗುಂಯ್‌ಗುಟ್ಟುತ್ತ ತೆವಳಿತು. ಇಳಕಲ್ಲಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಲ್ಲಿಗೆ ಪಾಲಿಶ್ ಹಾಕಿದ ಗದ್ದೆಪ್ಪನಿಗೆ ಅದನ್ನು ತಂದ ಹೆಂಗಸಿನ ಮೇಲೆ ಮೊದಲ ನೋಟಕ್ಕೇ ಅನುಮಾನ. ವಿಜ್ಞಾನಿಯಂತೆ! ತೇಪೆ ಹಿಡಿಯಲು ಗಿರಾಕಿಗಳೇ ಕಳಿಸಿದವಳಿರಬೇಕು.

ತೇಪೆ ಹಾಕುವವನು ಅವನೇ. ಕೆಂಪು ಕಲ್ಲಿನಲ್ಲಿ ಕಪ್ಪು ಬೊಟ್ಟು ಕಂಡರೆ ಗಿರಾಕಿ ಮೂಗು ಮುರಿಯುತ್ತಾನೆ. ಗದ್ದೆಪ್ಪ ಅದನ್ನು ಕೊರೆದು ತೆಗೆದು, ಕಲ್ಲುಪುಡಿ ಕಲಸಿದ ಅಂಟು ತುಂಬಿ ಉಜ್ಜಿದನೆಂದರೆ ಬ್ರಹ್ಮನಿಗೂ ಗುರುತು ಸಿಗುತ್ತಿರಲಿಲ್ಲ. ಅಪ್ಪಣೆ ಧಣಿಯದೇ. ಆದರೂ ಬಯಲಾದರೆ ಹೋಗುವುದು ತನ್ನ ಕೆಲಸವೆಂದು ಅವನಿಗೆ ಗೊತ್ತಿತ್ತು.

"ಏನ್ ಹುಡಕಾಕತ್ತೀರಿ ಅಕ್ಕಾರ?"

"ಕಪ್ಪು ದ್ರವ್ಯ," ಎಂದರು ಡಾ. ಮೃಣಾಲಿನಿ. "ಜಗತ್ತಿನಲ್ಲಿ ಕಾಣುವ ವಸ್ತುವಿಗಿಂತ ಕಾಣದ್ದೇ ಐದು ಪಟ್ಟು ಹೆಚ್ಚು. ಅದರ ಕಾಳೊಂದು ಆಕಾಶದಿಂದ ಬಂದು ಬಂಡೆಯನ್ನು ತೂರಿದ್ದರೆ, ಕಲ್ಲು ಕರಗಿ ಕಪ್ಪು ಗಾಜಿನ ಗೆರೆ ಉಳಿದಿರಬೇಕು. ಆ ಬಂಡೆ ಕೊಯ್ದರೆ ಹಲಗೆಗೊಂದು ಬೊಟ್ಟು, ಎಲ್ಲ ಒಂದೇ ಸಾಲಿನಲ್ಲಿ. ಬೇರೆಲ್ಲ ಕಡೆ ಹುಡುಕಿ ಆಯಿತು. ಇಲ್ಲೂ ಸಿಗದಿದ್ದರೆ, ಅಂಥ ಕಾಳೇ ಇಲ್ಲ ಅಂತ ಬರೆದು ಮುಗಿಸುತ್ತೇವೆ."

ಗದ್ದೆಪ್ಪನಿಗೆ ಥಟ್ಟನೆ ನೆನಪಾಯಿತು. ಹೋದ ವರ್ಷ ಒಂದೇ ಬಂಡೆಯ ಹದಿನೆಂಟು ಹಲಗೆಗಳಲ್ಲೂ ಬೊಟ್ಟಿತ್ತು, ಒಂದರಿಂದ ಮುಂದಿನದಕ್ಕೆ ಎರಡೆರಡು ಬೆರಳು ಸರಿದು. ಶಪಿಸುತ್ತ ಹದಿನೆಂಟನ್ನೂ ಮುಚ್ಚಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಅನ್ನ ಉಳಿಯುತ್ತಿತ್ತು. ಆದರೆ ಯಂತ್ರ ಏನೂ ಕಾಣದೆ ನಿಂತ ಮೇಲೆ ಆಕೆ ಪೆನ್ನು ತೆಗೆದು 'ಇಲ್ಲ' ಎಂದು ಬರೆಯಹೊರಟಾಗ ಅವನಿಗೆ ತಡೆಯಲಾಗಲಿಲ್ಲ. ತಾನೇ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಿಸುವುದು ಹೇಗೆ?

"ಬರೀಬ್ಯಾಡ್ರಿ! ಇತ್ತು. ಹದಿನೆಂಟು ಹಲಗಿಯೊಳಗೂ ಇತ್ತು. ನಾನ ಕೊರದು ತೇಪಿ ಹಾಕೇನ್ರಿ."

"ಆ ಹಲಗೆಗಳು?"

"ಯಾರ‍್ಯಾರದೋ ಅಡಗಿಮನಿ ಸೇರ‍್ಯಾವ್ರಿ."

"ಕೊರೆದ ಪುಡಿ?"

"ಗಟಾರಕ್ಕ ಹೋತ್ರಿ."

ಮೃಣಾಲಿನಿ ಪೆನ್ನಿಗೆ ಮುಚ್ಚಳ ಹಾಕಿದರು. ಬೈಯುತ್ತಾರೆಂದು ಗದ್ದೆಪ್ಪ ತಲೆ ತಗ್ಗಿಸಿದ. "ತಪ್ಪು ನಮ್ಮದೇ," ಎಂದರು ಆಕೆ. "ಕಲ್ಲನ್ನು ಕೇಳಿದೆವು, ನಿಮ್ಮನ್ನು ಕೇಳಲಿಲ್ಲ."

ಬಾಗಿಲಲ್ಲಿ ನಿಂತ ಧಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ತೇಪಿ? ನನ್ನ ಕಾರ್ಖಾನಿಯೊಳಗ?" ಎಂದ, ಏನೂ ಅರಿಯದ ಕೂಸಿನಂತೆ. "ನಾಳಿಂದ ಬರಬ್ಯಾಡ ಗದ್ದೆಪ್ಪ."

ಆ ವಾರದಿಂದ ವಿಜ್ಞಾನಿಗಳು ಮತ್ತೆ ಹುಡುಕಲು ಯಾವ ಕಲ್ಲಿನ ಕಾರ್ಖಾನೆಗೆ ಹೋದರೂ, ಯಂತ್ರ ಬಿಚ್ಚುವ ಮೊದಲು ತೇಪೆ ಹಾಕುವವರನ್ನು ಕರೆದು ವಿನಯದಿಂದ ವಿಚಾರಿಸತೊಡಗಿದರು. ಆದರೆ ಗದ್ದೆಪ್ಪನ ಕೆಲಸ ಹೋದ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತಿತ್ತು.

"ತೇಪೆಯೇ?" ಎನ್ನುತ್ತಿದ್ದರು ಎಲ್ಲರೂ. "ನಮ್ಮ ಕಲ್ಲಿನಲ್ಲಿ ಅಂಥದ್ದೇನೂ ಇಲ್ಲ."