ಗಾಳಿ ಇಳಿಯದ ಟ್ಯಾಂಕು

1996, ಫೆಬ್ರವರಿ 12, ಸೋಮವಾರ. ಬೆಳಿಗ್ಗೆ 9.40ಕ್ಕೆ ಪಾಂಡವಪುರ ಠಾಣೆಗೆ ದೂರು ಬಂತು. ಸಕ್ಕರೆ ಕಾರ್ಖಾನೆಯಿಂದ ಬರುವ ಕಾಕಂಬಿಯಲ್ಲಿ ಬ್ರೆಡ್ಡಿನ ಯೀಸ್ಟು ಬೆಳೆಸುವ ಸಣ್ಣ ಕಾರ್ಖಾನೆಯೊಂದರ ಮ್ಯಾನೇಜರ್ ರಾಮಸ್ವಾಮಿ ಬರೆದುಕೊಟ್ಟಿದ್ದು ಇಷ್ಟು: ಹೊಸ ಸೂಪರ್‌ವೈಸರ್ ನಿಂಗರಾಜು ಬೇಕೆಂದೇ ಟ್ಯಾಂಕಿನ ಗಾಳಿ ನಿಲ್ಲಿಸಿದ್ದಾನೆ, ಯೀಸ್ಟು ಕೆಟ್ಟು ಸಾರಾಯಿ ವಾಸನೆ ಬರುತ್ತಿದೆ. ಎಫ್.ಐ.ಆರ್. ದಾಖಲಾಯಿತು. ನಿಂಗರಾಜು ಸೂಪರ್‌ವೈಸರ್ ಆಗಿ ಇಪ್ಪತ್ತೇ ದಿನ. ಆರೋಪ ನಿಂತರೆ ಕೆಲಸವೂ ಹೋಗುತ್ತಿತ್ತು, ಜೈಲೂ ಕಾದಿತ್ತು.

ಇನ್‌ಸ್ಪೆಕ್ಟರ್ ಚಲುವಯ್ಯ, ಪೇದೆ ದಾಸಯ್ಯ 10.30ಕ್ಕೆ ಕಾರ್ಖಾನೆ ತಲುಪಿದರು. ಗಾಳಿಯಂತ್ರ ಓಡುತ್ತಲೇ ಇತ್ತು.

"ನಿನ್ನೆ ನಿಲ್ಲಿಸಿದ್ದೆಯಾ?" ಚಲುವಯ್ಯ ನಿಂಗರಾಜುವನ್ನು ಕೇಳಿದರು.

"ದೇವ್ರಾಣೆ ಇಲ್ಲ ಸಾ. ಒಂದ್ ಗಳಿಗೆನೂ ನಿಲ್ಸಿಲ್ಲ." ನಿಂಗರಾಜು ಓಡುತ್ತಿದ್ದ ಯಂತ್ರದ ಕಡೆ ಕೈ ತೋರಿಸಿದ.

ಕೆಮಿಸ್ಟ್ ಅಪರ್ಣ ಟ್ಯಾಂಕಿನ ಮುಚ್ಚಳ ತೆಗೆದರು. "ಅವರು ಹೇಳೋದು ನಿಜ ಸಾರ್. ನೋಡಿ, ಗಂಜಿ ಥರ ಮಂದವಾಗಿದೆ. ತೆಳ್ಳಗಿದ್ರೆ ಕಲಕೋ ಫ್ಯಾನು ಗಾಳೀನ ಸಣ್ಣ ಗುಳ್ಳೆಯಾಗಿ ಒಡೆಯುತ್ತೆ, ಆಮ್ಲಜನಕ ಕರಗುತ್ತೆ. ಈಗ ದಪ್ಪ ಗುಳ್ಳೆಗಳು ಸುಮ್ಮನೆ ಮೇಲೆದ್ದು ಒಡೆದುಹೋಗ್ತಿವೆ. ಎಷ್ಟು ಗಾಳಿ ಬಿಟ್ರೂ ಯೀಸ್ಟಿಗೆ ಉಸಿರಿಲ್ಲ. ಉಸಿರಿಲ್ಲದಿದ್ರೆ ಅದು ಬೆಳೆಯಲ್ಲ, ಸಾರಾಯಿ ಮಾಡುತ್ತೆ."

"ಮಂದ ಆಗಿದ್ದು ಹೇಗೆ?"

"ಅದೇ ಗೊತ್ತಾಗ್ತಿಲ್ಲ."

11.15ಕ್ಕೆ ಪಂಚನಾಮೆ. ಮಾದರಿ ತುಂಬುವಾಗ ದಾಸಯ್ಯ ಅದನ್ನು ಎರಡು ಬೆರಳ ನಡುವೆ ಎಳೆದು ನೋಡಿದ. ಆಲೆಮನೆಯಲ್ಲಿ ಆಡಿ ಬೆಳೆದವನು.

"ಸಾ, ಇದು ಬೆಂಡೆ ಲೋಳೆ ಕಣ್ಸಾ. ಬೆಲ್ಲ ಕಾಯ್ಸೋವಾಗ ಕೊಳೆ ಮ್ಯಾಕ್ ಬರ್ಲಿ ಅಂತ ಆಕ್ತೀವಲ್ಲ, ಅದು."

ಲ್ಯಾಬಿನ ವರದಿ ಬರುವಷ್ಟರಲ್ಲಿ ಯುಗಾದಿ ಕಳೆಯುತ್ತಿತ್ತು. ಚಲುವಯ್ಯ ದಾಸಯ್ಯನ ಬೆರಳನ್ನೇ ನಂಬಿದರು.

ಕೆಲಸಗಾರರಲ್ಲಿ ಆಲೆಮನೆ ಇದ್ದವನು ಒಬ್ಬನೇ, ಬೂಕನಕೆರೆಯ ತಿಮ್ಮರಾಜು. ಆ ಟ್ಯಾಂಕಿನ ಬಳಿ ಹನ್ನೊಂದು ವರ್ಷ ದುಡಿದ ಹಳಬ. ಭಾನುವಾರ ಪಾಳಿ ಮುಗಿಸಿ ಹೋಗಿದ್ದ; ಸೋಮವಾರ ಅವನಿಗೆ ರಜೆ. ಮಧ್ಯಾಹ್ನ 3ಕ್ಕೆ ಅವನ ಆಲೆಮನೆಯ ಹಿಂದೆ ಜಜ್ಜಿದ ಬೆಂಡೆ ಗಿಡದ ರಾಶಿ, ಲೋಳೆ ಒಣಗಿದ ಕಾರ್ಖಾನೆಯ ಎರಡು ಕ್ಯಾನು ಸಿಕ್ಕವು.

"ಯಾಕ್ಲಾ ಹಾಕಿದೆ?" ಎಂದರು ಚಲುವಯ್ಯ.

ತಿಮ್ಮರಾಜು ತಡವರಿಸಲಿಲ್ಲ. "ನಿಂಗರಾಜುಗೆ ಕೆಲ್ಸ ಕಲ್ಸಿದ್ದು ನಾನು. ಕುರ್ಚಿ ಕೊಟ್ಟಿದ್ದು ಅವ್ನಿಗೆ, ಅದೂ ನನ್ ಕಣ್ಮುಂದೇನೆ. ಒಟ್ಟೆ ಉರಿದೋಯ್ತು ಸಾ. ಬೆಲ್ಲದ ಕೊಪ್ಪರಿಗೇಲಿ ಬಂದಂಗೆ ನೊರೆ ಉಕ್ಕಿ ಚೆಲ್ತದೆ, ನನ್ನ ಕರೀತಾರೆ, ನಾನೋಗಿ ಸರಿಮಾಡ್ತೀನಿ ಅನ್ಕಂಡೆ. ಅದು ಕುದಿಯೋ ಕೊಪ್ಪರಿಗೆ, ಇದು ಬೆಚ್ಚಗಿರೋ ಟ್ಯಾಂಕು. ಇಂಗೆ ಮಂದ ಆಗಿ ಉಸ್ರು ಕಟ್ಬುಡ್ತದೆ ಅಂತ ಗೊತ್ತಿರ್ನಿಲ್ಲ."

ಸಂಜೆ 5.20ಕ್ಕೆ ಬಂಧನ ದಾಖಲಾಯಿತು. ಮಧ್ಯಾಹ್ನ ಹೇಳಿಕೆಗೆಂದು ಕರೆತಂದಿದ್ದ ನಿಂಗರಾಜು, ಮನೆಗೆ ಹೋಗೆಂದರೂ ಠಾಣೆಯ ಬೆಂಚು ಬಿಟ್ಟು ಎದ್ದಿರಲಿಲ್ಲ. ತಿಮ್ಮರಾಜುವನ್ನು ಕರೆತಂದಾಗ ಎದ್ದು ನಿಂತ.

"ತಿಮ್ಮಣ್ಣ, ಬೆಳಿಗ್ಗೆ ಟ್ಯಾಂಕ್ ನೋಡಿದ್ದೇ ನಿಮ್ಮನ್ನ ಕರ್ಕಬರೋಕೆ ಬಸ್ಸಿಗೆ ಓಡ್ದೆ. ಮ್ಯಾನೇಜರು ಗೇಟಲ್ಲೇ ಇಡ್ಕಂಡ್ರು, ತಪ್ಪಿಸ್ಕಂಡ್ ಓಯ್ತಾವ್ನೆ ಅಂತ."

ಚಲುವಯ್ಯ ಕೇಸ್ ಡೈರಿಯಲ್ಲಿ ಕಾರಣ ಹೊಟ್ಟೆಕಿಚ್ಚು ಎಂದು ಬರೆದು, ಸಹಿಗೆಂದು ಬಂಧನದ ಕಾಗದವನ್ನು ತಿಮ್ಮರಾಜುವಿನ ಮುಂದಿಟ್ಟರು. ತಿಮ್ಮರಾಜು ಪೆನ್ನು ಹಿಡಿಯಲಿಲ್ಲ.

"ನನ್ನ ಕರ್ಯಾಕ್ ಬತ್ತಿದ್ಯೇನ್ಲಾ?" ಎಂದು ಕೇಳಿದ. ನಿಂಗರಾಜು ಹೂಂ ಅಂದ ಮೇಲೂ ಅದನ್ನೇ ಮತ್ತೆ ಕೇಳಿದ.